ಸಂತರ ಕೈಯಲ್ಲಿಯ ಉಪಕರಣ: ಟಿಬೆಟಿನ ಸಿದ್ಧಚಿತ್ರಗಳನ್ನು ಶರಣರ ನಾಡಿನಿಂದ ನೋಡುವುದು

1. ಪ್ರಶ್ನೆ

ಸಂತರನ್ನು ಚಿತ್ರದಲ್ಲಿ ಗುರುತಿಸುವುದು ಹೇಗೆ ಎಂಬುದು ದೈವಶಾಸ್ತ್ರದ ವಿದ್ಯಾರ್ಥಿಗೆ ಸಣ್ಣ ಪ್ರಶ್ನೆಯಾಗಿ ತೋರಬಹುದು. ಬೀಗದ ಕೈ ಹಿಡಿದವರು ಸಂತ ಪೇತ್ರರು, ಖಡ್ಗ ಹಿಡಿದವರು ಸಂತ ಪೌಲರು, ಕಬ್ಬಿಣದ ಜಾಲರಿಯ ಪಕ್ಕದಲ್ಲಿ ನಿಂತವರು ಸಂತ ಲಾರೆನ್ಸರು. ಇಷ್ಟು ತಿಳಿದುಕೊಂಡು ಮುಂದೆ ಸಾಗುವುದು ವಾಡಿಕೆ. ಆದರೆ ಸಂತರ ಕೈಗೆ ಕಲಾವಿದನು ಕೊಟ್ಟ ವಸ್ತು ಬರಿಯ ಗುರುತಿನ ಚಿಹ್ನೆಯೇ? ಅಥವಾ ಪಾವಿತ್ರ್ಯವೆಂದರೇನು, ಅದು ಯಾರಿಗೆ ಸಲ್ಲುತ್ತದೆ, ದುಡಿಮೆಯೊಡನೆ ಅದರ ಸಂಬಂಧವೇನು ಎಂಬುದನ್ನೂ ಅದು ಹೇಳುತ್ತದೆಯೇ? ಈ ಪ್ರಶ್ನೆಯನ್ನು ಟಿಬೆಟಿನ ಬೌದ್ಧ ಕಲೆಯಲ್ಲಿ ಬರುವ ಸಿದ್ಧರ ಚಿತ್ರಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಸೇವೆಗೆ ನಿಲ್ಲುವ ಗುರುಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಇದು ಬಸವಣ್ಣನವರು ಹುಟ್ಟಿದ ಸೀಮೆ. ಹಿಂದೆ ಸಿಂದಗಿ ತಾಲ್ಲೂಕಿನಲ್ಲಿದ್ದ ದೇವರ ಹಿಪ್ಪರಗಿ ಮಡಿವಾಳ ಮಾಚಿದೇವರ ಊರು. ಅಗಸ, ಸಮಗಾರ, ಅಂಬಿಗ, ಮೇದ, ನೇಕಾರರು ತಮ್ಮ ಕಸುಬಿನ ಹೆಸರಿನೊಡನೆಯೇ ಪೂಜ್ಯರಾದ ನೆಲವಿದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಗೋವೆ, ಪುಣೆ, ಮುಂಬಯಿಗಳಿಗೆ ಕುಟುಂಬಸಮೇತ ಗುಳೆ ಹೋಗುವವರ ನೆಲವೂ ಇದೇ. ಇಲ್ಲಿಯ ದೇವಾಲಯಗಳಲ್ಲಿ ನಾವು ಯಾವ ಸಂತರ ಪ್ರತಿಮೆಗಳನ್ನು ನಿಲ್ಲಿಸುತ್ತೇವೆ, ಅವರ ಕೈಗೆ ಏನನ್ನು ಕೊಡುತ್ತೇವೆ ಎಂಬುದು ಬೋಧನೆಯ ಒಂದು ಭಾಗವೇ ಆಗಿದೆ.

2. ಟಿಬೆಟು ನಮ್ಮ ನೆರೆಗೆ ಬಂದುದು

ಬೌದ್ಧ ಪ್ರತಿಮೆ ಕನ್ನಡ ನಾಡಿಗೆ ಹೊಸದಲ್ಲ. ಇಂಡಿ, ಸಿಂದಗಿಗಳ ಅಂಚಿನಲ್ಲಿ ಹರಿಯುವ ಭೀಮಾ ನದಿಯೇ ಮುಂದೆ ಕಲಬುರಗಿ ಜಿಲ್ಲೆಯ ಸನ್ನತಿಯನ್ನು ಮುಟ್ಟುತ್ತದೆ. ಅಲ್ಲಿಯ ಕನಗನಹಳ್ಳಿಯ ಸ್ತೂಪದ ಅವಶೇಷಗಳಲ್ಲಿ ಅಶೋಕನ ಶಿಲ್ಪವೂ ಅದರೊಡನೆ ಬ್ರಾಹ್ಮಿಯಲ್ಲಿ ಬರೆದ ಅವನ ಹೆಸರೂ ದೊರೆತಿವೆ. ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನವೊಂದು ತಾರಾ ಭಗವತಿಯ ಆಲಯವನ್ನೂ ಬೌದ್ಧ ವಿಹಾರವನ್ನೂ ಹೆಸರಿಸುತ್ತದೆ. ಅಂದರೆ ಬಸವಣ್ಣನವರ ಕಾಲಕ್ಕೆ ತುಸು ಮೊದಲಿನವರೆಗೂ ಈ ಭಾಗದಲ್ಲಿ ಬೌದ್ಧ ದೇವತೆಗೆ ದೀಪ ಉರಿಯುತ್ತಿತ್ತು. ಆನಂತರ ಆ ಪರಂಪರೆ ಇಲ್ಲಿ ಆರಿಹೋಯಿತು, ಹಿಮಾಲಯದಾಚೆ ಉಳಿಯಿತು.

ಇಪ್ಪತ್ತನೆಯ ಶತಮಾನದಲ್ಲಿ ಅದು ನಿರಾಶ್ರಿತರ ಕೈಯಲ್ಲಿ ಹಿಂದಿರುಗಿತು. 1959ರ ನಂತರ ಟಿಬೆಟನ್ನು ತೊರೆದು ಬಂದವರಿಗೆ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿಯೂ ಮುಂದೆ ಮುಂಡಗೋಡಿನಲ್ಲಿಯೂ ನೆಲೆ ಕೊಟ್ಟಿತು. ಲ್ಹಾಸಾದ ಸುತ್ತಣ ಮೂರು ಮಹಾವಿಹಾರಗಳಲ್ಲಿ ಸೆರಾ ಬೈಲಕುಪ್ಪೆಯಲ್ಲಿ, ಗಾಂದೆನ್ ಮತ್ತು ದ್ರೆಪುಂಗ್ ಮುಂಡಗೋಡಿನಲ್ಲಿ ಮರುಸ್ಥಾಪನೆಗೊಂಡವು. ಬೈಲಕುಪ್ಪೆಯಲ್ಲಿಯೇ ಪೆನೊರ್ ರಿಂಪೊಚೆಯವರು 1963ರಲ್ಲಿ ನಾಮ್ದ್ರೋಲಿಂಗ್ ವಿಹಾರವನ್ನು ಆರಂಭಿಸಿದರು. ಅಲ್ಲಿಯ ‘ಸುವರ್ಣ ಮಂದಿರ’ 1999ರಲ್ಲಿ ಉದ್ಘಾಟನೆಗೊಂಡಿತು.

ಸೆರಾ ಎಂಬ ಹೆಸರು ಕ್ರೈಸ್ತ ದೈವಶಾಸ್ತ್ರದ ವಿದ್ಯಾರ್ಥಿಗೆ ಅಪರಿಚಿತವಾಗಬಾರದು. ಯೇಸುಸಭೆಯ ಇಪ್ಪೊಲಿತೊ ದೆಸಿದೇರಿಯವರು 1716ರ ಮಾರ್ಚ್ 18ರಂದು ಲ್ಹಾಸಾ ತಲುಪಿ, ಮುಂದೆ ಸೆರಾ ವಿಹಾರದಲ್ಲಿ ಭಿಕ್ಷುಗಳ ನಡುವೆ ಕುಳಿತು ಬೌದ್ಧ ಗ್ರಂಥಗಳನ್ನು ಅಭ್ಯಾಸ ಮಾಡಿದರು. ಅವರದೇ ಭಾಷೆಯಲ್ಲಿ, ಅವರದೇ ತರ್ಕಕ್ರಮದಲ್ಲಿ ಕ್ರೈಸ್ತ ವಿಶ್ವಾಸವನ್ನು ಮಂಡಿಸಿ ಗ್ರಂಥಗಳನ್ನು ಬರೆದರು. ಸೃಷ್ಟಿಕರ್ತನಿಲ್ಲದ ಧರ್ಮವನ್ನು ಅವರು ಒಪ್ಪಲಿಲ್ಲ. ಅದನ್ನು ಅರಿಯದೆ ಅಲ್ಲಗಳೆಯಲೂ ಇಲ್ಲ. ನಮ್ಮ ಪರಿಶೀಲನೆಗೂ ಅದೇ ಮಾದರಿ. ಅಂದು ತಿಂಗಳುಗಟ್ಟಲೆ ಪ್ರಯಾಣ ಮಾಡಿ ಅವರು ತಲುಪಿದ ವಿದ್ಯಾಪೀಠದ ಉತ್ತರಾಧಿಕಾರಿ ಇಂದು ನಮ್ಮ ರಾಜ್ಯದೊಳಗೇ ಇದೆ.

3. ಅಳತೆಯೊಳಗಿನ ಬುದ್ಧ, ಅಳತೆ ಸಡಿಲಿಸಿದ ಸಿದ್ಧ

ಟಿಬೆಟಿನ ಚಿತ್ರಕಾರನು ಥಂಕಾ ಎಂಬ ಬಟ್ಟೆಯ ಚಿತ್ರಪಟವನ್ನು ಬರೆಯತೊಡಗುವಾಗ ಮೊದಲು ಗೆರೆಗಳ ಚೌಕಟ್ಟನ್ನು ಹಾಕಿಕೊಳ್ಳುತ್ತಾನೆ. ಬುದ್ಧನ ದೇಹದ ಪ್ರಮಾಣ ಅವನ ಇಚ್ಛೆಗೆ ಬಿಟ್ಟದ್ದಲ್ಲ. ಕಾಲಚಕ್ರ ಪರಂಪರೆಯಲ್ಲಿ ಬುದ್ಧನ ಎತ್ತರ 125 ಅಂಗುಲ. ಹಣೆ, ಕಣ್ಣು, ಹೆಗಲು, ಮೊಣಕಾಲು ಎಲ್ಲಕ್ಕೂ ನಿಶ್ಚಿತ ಸ್ಥಾನವಿದೆ. ಅಳತೆ ತಪ್ಪಿದ ವಿಗ್ರಹ ಪ್ರತಿಷ್ಠೆಗೆ ಯೋಗ್ಯವಲ್ಲವೆಂಬ ನಮ್ಮ ಶಿಲ್ಪಶಾಸ್ತ್ರದ ತಾಳಮಾನದ ನಿಯಮವೂ ಇದಕ್ಕೆ ಹತ್ತಿರದ್ದು. ಚಿತ್ರ ಮುಗಿಯುವ ಹೊತ್ತಿಗೆ ಕಣ್ಣುಗಳನ್ನು ತೆರೆಯಲಾಗುತ್ತದೆ. ಪಟದ ಹಿಂಬದಿಯಲ್ಲಿ ಹಣೆ, ಕಂಠ, ಹೃದಯಗಳ ನೇರಕ್ಕೆ ಮೂರು ಬೀಜಾಕ್ಷರಗಳನ್ನು ಬರೆದು ಪ್ರತಿಷ್ಠಾಪಿಸಲಾಗುತ್ತದೆ.

ಸಂತರ ವಿಷಯಕ್ಕೆ ಬಂದಾಗ ಈ ಬಿಗಿ ಸಡಿಲವಾಗುತ್ತದೆ. ಬುದ್ಧನ ಶಿಷ್ಯರಾದ ಹದಿನಾರು ಅರ್ಹತರನ್ನು ಚಿತ್ರಿಸುವಾಗ ಚೀನೀ ಕಲೆಯ ಪ್ರಭಾವದಿಂದ ಬಂಡೆ, ಮರ, ಜಲಪಾತಗಳು ಬರುತ್ತವೆ. ಮುಖದಲ್ಲಿ ಸುಕ್ಕು, ಹುಬ್ಬಿನಲ್ಲಿ ನರೆ ಕಾಣಿಸುತ್ತವೆ. ಮುಂಗುಸಿಯನ್ನು ಹಿಡಿದವನು ಬಕುಲನೆಂದು ಭಕ್ತರು ಗುರುತಿಸುತ್ತಾರೆ. ಹನ್ನೊಂದನೆಯ ಶತಮಾನದ ಯೋಗಿ ಮಿಲರೇಪನು ಬಲಗೈಯನ್ನು ಕಿವಿಗೆ ಆನಿಸಿ ಹಾಡುವ ಭಂಗಿಯಲ್ಲಿದ್ದಾನೆ. ಗವಿಯಲ್ಲಿ ತುರಚೆ ಸೊಪ್ಪನ್ನಷ್ಟೇ ತಿಂದು ಬದುಕಿದ್ದರಿಂದ ಅವನ ಮೈ ಹಸಿರಾಯಿತೆಂಬ ಕಥೆಗೆ ತಕ್ಕಂತೆ ಅನೇಕ ಪಟಗಳಲ್ಲಿ ಅವನ ಚರ್ಮಕ್ಕೆ ಹಸಿರು ಛಾಯೆ ಕೊಡುತ್ತಾರೆ. ತಪಸ್ಸಿನ ಬೆಲೆ ಅಲ್ಲಿ ಮೈಮೇಲೆಯೇ ಉಳಿದಿದೆ.

ಎಲ್ಲಕ್ಕಿಂತ ಹೆಚ್ಚು ಸ್ವಾತಂತ್ರ್ಯವಿರುವುದು ಎಂಬತ್ತನಾಲ್ಕು ಮಹಾಸಿದ್ಧರ ಚಿತ್ರಣದಲ್ಲಿ. ಇವರು ಟಿಬೆಟಿನವರಲ್ಲ, ಭಾರತದವರು. ಹನ್ನೆರಡನೆಯ ಶತಮಾನದ ಸುಮಾರಿಗೆ ಅಭಯದತ್ತಶ್ರೀ ಹೇಳಿದ ಇವರ ಚರಿತ್ರೆಗಳು ಟಿಬೆಟಿನ ಭಾಷೆಯಲ್ಲಿ ಉಳಿದುಬಂದಿವೆ. ಜಡೆ ಕಟ್ಟಿದ, ಅರೆನಗ್ನರಾದ, ಮೂಳೆಯ ಆಭರಣ ತೊಟ್ಟು ಜಿಂಕೆಯ ಚರ್ಮದ ಮೇಲೆ ಕುಳಿತ ಈ ಜನರಲ್ಲಿ ರಾಜರೂ ಪಂಡಿತರೂ ಇದ್ದಾರೆ. ಬೇಟೆಗಾರ, ಮೀನುಗಾರ, ನೇಕಾರ, ಕುಂಬಾರ, ಕಮ್ಮಾರ, ಅಗಸ, ಸಮಗಾರರೂ ಇದ್ದಾರೆ. ಮಣಿಭದ್ರಾ, ಲಕ್ಷ್ಮೀಂಕರಾ ಮೊದಲಾದ ನಾಲ್ವರು ಸ್ತ್ರೀಯರಿದ್ದಾರೆ. ಸರಹನ ಕೈಯಲ್ಲಿ ಬಾಣವಿದೆ. ಬ್ರಾಹ್ಮಣನಾಗಿದ್ದ ಅವನು ಬಾಣ ಮಾಡುವ ಕುಲದ ಹೆಣ್ಣಿನೊಡನೆ ಬಾಳಿದನೆಂದು ಕಥೆ. ತಂತಿಪನಿಗೆ ಮಗ್ಗ, ಕುಂಭರಿಪನಿಗೆ ತಿಗರಿ, ಕಂಪರಿಪನಿಗೆ ತಿದಿ ಮತ್ತು ಕುಲುಮೆ.

ಈ ಪಟ್ಟಿಯಲ್ಲಿರುವ ಗೋರಕ್ಷನು ನಮಗೆ ಹಳೆಯ ಪರಿಚಿತನು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳೊಡನೆ ವಾದಕ್ಕಿಳಿದು, ವಜ್ರದಂತಹ ತನ್ನ ಕಾಯಸಿದ್ಧಿಯನ್ನು ಮೆರೆದು ಸೋತವನು ಅದೇ ಹೆಸರಿನ ಸಿದ್ಧನು. ಟಿಬೆಟಿನ ಪಟದ ಸಿದ್ಧರೂ ಕಲ್ಯಾಣದ ಶರಣರೂ ಒಬ್ಬರನ್ನೊಬ್ಬರು ಬಲ್ಲ ಲೋಕದವರೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸೂಚನೆ ಬೇಕಿಲ್ಲ. ಇವರನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಬಲವಂತದ ಹೋಲಿಕೆಯಾಗಲಾರದು.

4. ಚರ್ಮದ ಭಾರ

ಅಗಸ ಧೋಬಿಪನ ಕಥೆ ಹೀಗಿದೆ. ಬಟ್ಟೆ ಒಗೆಯುತ್ತಿದ್ದ ಅವನಿಗೆ ಯೋಗಿಯೊಬ್ಬನು ಇದ್ದಿಲ ತುಂಡನ್ನು ಕೊಟ್ಟು ಇದನ್ನು ಬೆಳ್ಳಗಾಗುವಂತೆ ಒಗೆಯಬಲ್ಲೆಯಾ ಎಂದು ಕೇಳುತ್ತಾನೆ. ಇದ್ದಿಲಿನ ಸ್ವಭಾವವೇ ಕಪ್ಪು, ಅದು ಬೆಳ್ಳಗಾಗದು ಎನ್ನುತ್ತಾನೆ ಅಗಸ. ಒಳಗಿನ ಕೊಳೆಯೂ ಹೊರಗಿನ ನೀರಿನಿಂದ ಹೋಗದೆಂದು ಯೋಗಿ ತಿಳಿಸಿ ಉಪದೇಶ ಕೊಡುತ್ತಾನೆ. ಸಮಗಾರ ಚಮರಿಪನಿಗೂ ಅವನ ಕಸುಬಿನ ಮಾತಿನಲ್ಲಿಯೇ ಉಪದೇಶವಾಗುತ್ತದೆ: ರಾಗ ಮತ್ತು ಕಲ್ಪನೆಗಳೆಂಬ ಚರ್ಮವನ್ನು ಮೈತ್ರಿ ಕರುಣೆಗಳ ಹಲಗೆಯ ಮೇಲೆ ಹರಡಿ, ಗುರುವಿನ ಮಾತೆಂಬ ದಬ್ಬಳದಿಂದ ಹೊಲಿದು, ಪರಮಸತ್ಯವೆಂಬ ಪಾದರಕ್ಷೆಯನ್ನು ಮಾಡಬೇಕು. ಇಬ್ಬರೂ ಕಸುಬನ್ನು ಬಿಡದೆ ಸಿದ್ಧಿ ಪಡೆಯುತ್ತಾರೆ.

ಕಸುಬಿನೊಳಗಿನಿಂದಲೇ ಮುಕ್ತಿಯ ದಾರಿ ತೆರೆದುಕೊಳ್ಳುವ ಈ ಕಥೆಗಳ ಸೌಂದರ್ಯವನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೆ ಇವು ಚಿತ್ರವಾಗುವಾಗ ಏನೋ ಒಂದು ಬದಲಾಗುತ್ತದೆ. ಲಡಾಖಿನ ಆಲ್ಚಿಯ ಸುಮ್‌ತ್ಸೆಕ್ ಮಂದಿರದಲ್ಲಿ ಎತ್ತರದ ಮಂಜುಶ್ರೀ ಬೋಧಿಸತ್ತ್ವನ ಮೂರ್ತಿಯಿದೆ. ಅವನ ಧೋತರದ ಮೇಲೆ ಎಂಬತ್ತನಾಲ್ಕು ಸಿದ್ಧರನ್ನು ಪುಟ್ಟ ಪುಟ್ಟ ಚಿತ್ರಗಳಾಗಿ ಬರೆದಿದ್ದಾರೆ. ಕುಶಲತೆಯಲ್ಲಿ ಅದು ಅಪೂರ್ವ ಕೃತಿ. ಅಲ್ಲಿ ಅಗಸನೂ ಸಮಗಾರನೂ ರಾಜನೂ ಸಮಾನ ಗಾತ್ರದಲ್ಲಿದ್ದಾರೆ. ಈ ಸಮಾನತೆ ದೊಡ್ಡದು. ಆದರೆ ಅದರೊಡನೆಯೇ ಉಪಕರಣಗಳೆಲ್ಲವೂ ಒಂದೇ ತೂಕದ ಚಿಹ್ನೆಗಳಾಗಿವೆ. ರಾಜನ ಆಭರಣ, ಸಮಗಾರನ ರಂಪಿಗೆ, ಅಗಸನ ಬಟ್ಟೆ ಎಲ್ಲವೂ ಸಿದ್ಧನನ್ನು ಗುರುತಿಸಲು ನೆರವಾಗುವ ಗುರುತುಗಳು ಮಾತ್ರ.

ಇದಕ್ಕೆ ಕಾರಣ ಕಲಾವಿದನ ಕೊರತೆಯಲ್ಲ. ಟಿಬೆಟಿನಲ್ಲಿಯೂ ಕಮ್ಮಾರರನ್ನು, ಕಟುಕರನ್ನು ಕೀಳಾಗಿ ಕಾಣುವ ರೂಢಿಯಿತ್ತು. ಆದರೆ ಚರ್ಮವನ್ನು ಮುಟ್ಟಿದವನ ನೆರಳನ್ನೂ ದೂರವಿಡುವ ಭಾರತದ ಜಾತಿವ್ಯವಸ್ಥೆ ಅಲ್ಲಿರಲಿಲ್ಲ. ಹಿಮದ ನಾಡಿನಲ್ಲಿ ಚರ್ಮ ಎಲ್ಲರ ಉಡುಗೆ, ಎಲ್ಲರ ಪಾದರಕ್ಷೆ. ಚಮರಿಪನ ಕಥೆ ಭಾರತದಿಂದ ಹೋಗುವಾಗ ಚರ್ಮವನ್ನು ಕೊಂಡೊಯ್ದಿತು. ಚರ್ಮದ ಭಾರವನ್ನು ಕೊಂಡೊಯ್ಯಲು ಅದಕ್ಕೆ ಸಾಧ್ಯವಾಗಲಿಲ್ಲ. ಇಂದು ಅದೇ ಪರಂಪರೆಯ ಪಟಗಳು ನಿರಾಶ್ರಿತರೊಡನೆ ಕರ್ನಾಟಕಕ್ಕೆ ಬಂದಾಗ, ಆ ಭಾರವನ್ನು ಬಲ್ಲ ಕಣ್ಣುಗಳ ಮುಂದೆ ಮತ್ತೆ ನಿಂತಿವೆ. ಸಿಂದಗಿಯಿಂದ ಬಂದ ಸಮಗಾರ ಕುಟುಂಬದ ಯುವಕನೊಬ್ಬನು ಚಮರಿಪನ ಕೈಯಲ್ಲಿಯ ರಂಪಿಗೆಯನ್ನು ಕಂಡಾಗ ಓದಬಲ್ಲದ್ದನ್ನು ಚಿತ್ರ ಬರೆದವನು ಬರೆದಿರಲಿಲ್ಲ. ಸಂತನ ಉಪಕರಣಕ್ಕೆ ಅರ್ಥ ಬರುವುದು ನೋಡುವವನ ಸಮಾಜವು ಅದಕ್ಕೆ ಹೊರಿಸಿದ ಗೌರವದಿಂದ ಅಥವಾ ಅವಮಾನದಿಂದ. ಇದೇ ಈ ಲೇಖನದ ಮುಖ್ಯ ಪ್ರತಿಪಾದನೆ.

ಶರಣ ಪರಂಪರೆಯಲ್ಲಿ ಹರಳಯ್ಯನವರ ಕಥೆಯನ್ನು ಇದರ ಪಕ್ಕದಲ್ಲಿಡೋಣ. ಬಸವಣ್ಣನವರು ತಮಗೆ ತೋರಿದ ಗೌರವದ ಋಣ ತೀರಿಸಲು ಹರಳಯ್ಯನವರೂ ಅವರ ಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆಗಳನ್ನು ಹೊಲಿದರೆಂದು ಶರಣರ ನಂಬಿಕೆ. ಮುಂದೆ ಅವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಆದ ಮದುವೆಗಾಗಿ ಬಿಜ್ಜಳನು ಇಬ್ಬರು ತಂದೆಯರನ್ನೂ ಕೊಲ್ಲಿಸಿದನು, ಕಲ್ಯಾಣ ಕದಡಿತು. ಚಮರಿಪನಿಗೆ ಚರ್ಮವು ಮನಸ್ಸಿನ ರೂಪಕ. ಹರಳಯ್ಯನವರಿಗೆ ಅದು ತಮ್ಮದೇ ಮೈ. ಸಿದ್ಧನ ಕಸುಬು ಒಳಮುಖವಾಗಿ ಚಿತ್ತಶುದ್ಧಿಗೆ ಸಾಗುತ್ತದೆ. ಶರಣರ ಕಾಯಕ ಹೊರಮುಖವಾಗಿ ದಾಸೋಹದ ಪಂಕ್ತಿಗೆ, ಕೊನೆಗೆ ಸಮಾಜದ ಗೋಡೆಗೆ ಬಂದು ತಾಕುತ್ತದೆ. ಮಾಚಿದೇವರ ಮಡಿಯ ಗಂಟೂ ಹಾಗೆಯೇ: ಅದು ಶರಣರ ಬಟ್ಟೆ, ಅದಕ್ಕೊಬ್ಬ ತೊಡುವವನಿದ್ದಾನೆ.

ಆದರೆ ಶರಣರ ಚಿತ್ರಗಳೂ ಈ ಭಾರವನ್ನು ಯಾವಾಗಲೂ ಉಳಿಸಿಕೊಂಡಿಲ್ಲ. ಕ್ಯಾಲೆಂಡರಿನ ಮಾಚಿದೇವರ ಗಂಟು ಅಪ್ಪಟ ಬಿಳುಪು. ಕೈಗಳಲ್ಲಿ ಸವುಳು ಸುಣ್ಣಗಳು ಕೊರೆದ ಬಿರುಕಿಲ್ಲ. ಹರಳಯ್ಯನವರು ಚಮ್ಮಾವುಗೆ ಹೊತ್ತು ನಿಂತಿರುತ್ತಾರೆ, ತೊಡೆಯ ಗಾಯ ವಸ್ತ್ರದೊಳಗೆ ಮರೆಯಾಗಿರುತ್ತದೆ. ನಮ್ಮ ಪಟ್ಟಣಗಳ ವೃತ್ತಗಳಲ್ಲಿ ಬಸವಣ್ಣನವರು ಕುದುರೆಯೇರಿ ಖಡ್ಗಧಾರಿ ಅರಸರ ಸಾಲಿಗೆ ಸೇರಿದಂತೆ ಕಾಣುತ್ತಾರೆ. ಪೂಜ್ಯರನ್ನು ಮೇಲೇರಿಸುವ ಆತುರದಲ್ಲಿ ಅವರು ನಿಂತಿದ್ದ ನೆಲ ಚಿತ್ರದಿಂದ ಹೊರಗುಳಿಯುತ್ತದೆ.

5. ಗಾಯವುಳಿದ ದೇಹ

ಕ್ರೈಸ್ತ ದೈವಶಾಸ್ತ್ರ ಈ ವಿಮರ್ಶೆಗೆ ತರುವ ಮಾನದಂಡವೇನು? 787ರಲ್ಲಿ ಎರಡನೆಯ ನೈಸಿಯಾ ಮಹಾಸಭೆ ಪ್ರತಿಮಾಭಂಜಕರಿಗೆ ಉತ್ತರಿಸಿ, ಪ್ರತಿಮೆಗೆ ಸಲ್ಲಿಸಿದ ಗೌರವ ಅದು ತೋರಿಸುವ ವ್ಯಕ್ತಿಗೆ ಸಲ್ಲುತ್ತದೆಂದೂ ಆರಾಧನೆ ದೇವರಿಗೆ ಮಾತ್ರವೆಂದೂ ಬೋಧಿಸಿತು. ಅದಕ್ಕೂ ಮೊದಲು ದಮಾಸ್ಕದ ಸಂತ ಯೊವಾನ್ನರು, ದೇವರು ಮಾಂಸಧಾರಿಯಾಗಿ ಕಣ್ಣಿಗೆ ಕಂಡ ಮೇಲೆ ಆತನನ್ನು ಚಿತ್ರಿಸಲು ಹೆದರಬೇಕಿಲ್ಲವೆಂದು ವಾದಿಸಿದ್ದರು. ಹೆಚ್ಚುಕಡಿಮೆ ಅದೇ ದಶಕಗಳಲ್ಲಿ ಟಿಬೆಟಿನ ಮೊದಲ ವಿಹಾರ ಸಮ್ಯೆ ಎದ್ದು ನಿಂತಿತು. ಶಾಂತರಕ್ಷಿತನೂ ಪದ್ಮಸಂಭವನೂ ಭಾರತದ ಪ್ರತಿಮಾಸಂಪ್ರದಾಯವನ್ನು ಅಲ್ಲಿಗೆ ತಲುಪಿಸಿದರು. ಎರಡು ಲೋಕಗಳೂ ಒಂದೇ ಕಾಲದಲ್ಲಿ ಪ್ರತಿಮೆಗೆ ಹೌದೆಂದವು. ಹೌದೆನ್ನಲು ಇಬ್ಬರಿಗೂ ಇದ್ದ ಕಾರಣ ಮಾತ್ರ ಬೇರೆ.

ನಾಮ್ದ್ರೋಲಿಂಗಿನ ಮಂದಿರದಲ್ಲಿ ಶಾಕ್ಯಮುನಿ ಬುದ್ಧನ ಪಕ್ಕದಲ್ಲಿ ಚಿನ್ನದ ಲೇಪದ ಪದ್ಮಸಂಭವನ ಬೃಹನ್ಮೂರ್ತಿ ಇದೆ. ಸಂಪ್ರದಾಯದ ಪ್ರಕಾರ ಅವನ ಬಲಗೈಯಲ್ಲಿ ವಜ್ರ, ಎಡಗೈಯಲ್ಲಿ ಕಪಾಲ. ಮೈಮೇಲೆ ಭಿಕ್ಷುವಿನ, ಅರಸನ, ತಾಂತ್ರಿಕನ ಉಡುಪುಗಳು ಒಂದರ ಮೇಲೊಂದು. ಈ ಉಡುಪುಗಳ ಅರ್ಥ ಸ್ಪಷ್ಟ: ಯಾವ ರೂಪವೂ ಅವನಿಗೆ ಕೊನೆಯದಲ್ಲ, ಎಲ್ಲ ರೂಪಗಳೂ ಉಪಾಯಗಳು. ಪ್ರತಿಮೆ ಧ್ಯಾನಿಯನ್ನು ರೂಪದಾಚೆಗಿನ ಶೂನ್ಯತೆಗೆ ಒಯ್ಯಬೇಕು. ಬದಲಾಗುವ ಈ ಲೋಕದ ಮೂಲಭೂತ ಅಪೂರ್ಣತೆಯನ್ನು ಬೌದ್ಧಧರ್ಮ ಮನಗಂಡಿದೆಯೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯ ‘ನೊಸ್ತ್ರಾ ಎತಾತೆ’ 1965ರಲ್ಲಿ ಗೌರವದಿಂದ ಗುರುತಿಸಿತು. ಆ ಗೌರವವನ್ನು ನಾವೂ ಸಲ್ಲಿಸುತ್ತೇವೆ.

ಕ್ರೈಸ್ತ ಪ್ರತಿಮೆಯ ಹಾದಿ ಇನ್ನೊಂದು. ಸಂತ ಯೊವಾನ್ನರ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯದಲ್ಲಿ ಪುನರುತ್ಥಾನರಾದ ಪ್ರಭು ಪ್ರೇಷಿತ ತೋಮರಿಗೆ ತೋರಿಸುವುದು ಮೊಳೆಯ ಗುರುತುಗಳನ್ನು. ಮಹಿಮೆಯ ದೇಹದಲ್ಲಿ ಗಾಯ ಅಳಿದಿಲ್ಲ. ಅದರಿಂದಲೇ ಪ್ರಭುವಿನ ಗುರುತು ಹತ್ತಿದೆ. ಗುಲಾಮನ ರೂಪ ತಾಳಿದವರನ್ನು ದೇವರು ಉನ್ನತಕ್ಕೇರಿಸಿದರೆಂದು ಸಂತ ಪೌಲರು ಫಿಲಿಪ್ಪಿಯರಿಗೆ ಬರೆಯುವಾಗಲೂ, ಆ ಗುಲಾಮನ ರೂಪ ಕಳಚಿಹಾಕಿದ ಉಡುಪೆಂದು ಹೇಳುವುದಿಲ್ಲ. ಅವಮಾನದ ಚರಿತ್ರೆ ರಕ್ಷಣೆಯೊಳಗೆ ಉಳಿದಿದೆ, ಗುಣವಾಗಿ ಉಳಿದಿದೆ. ಆದ್ದರಿಂದ ಸಂತರ ಪ್ರತಿಮೆಯನ್ನು ಕಂಡಾಗ ನಾವು ಕೇಳಬೇಕಾದ ಪ್ರಶ್ನೆ: ಅವರನ್ನು ಮಹಿಮೆಪಡಿಸುವ ಭರದಲ್ಲಿ ಗಾಯವನ್ನು ಅಳಿಸಿದ್ದೇವೆಯೇ?

ಈ ಅಳತೆಗೋಲನ್ನು ಮೊದಲು ನಮ್ಮ ಮೇಲೆಯೇ ಇಡುವುದು ನ್ಯಾಯ. ಮಿಲರೇಪನ ಹಸಿರು ಮೈ ಈ ಪರೀಕ್ಷೆಯಲ್ಲಿ ನಮ್ಮ ಅನೇಕ ಪ್ರತಿಮೆಗಳಿಗಿಂತ ಮುಂದಿದೆ. ಗಾರೆಯ ಅಚ್ಚಿನಿಂದ ಬಂದ ಸಂತ ಜೋಸೆಫರ ಪ್ರತಿಮೆಯನ್ನು ನೋಡಿ: ಕೈಯಲ್ಲಿ ಲಿಲ್ಲಿ ಹೂವು, ಬೆರಳುಗಳು ಬರಹಗಾರನವು. ಬಡಗಿಯ ಬಾಚಿ, ಉಳಿಗಳು ಇದ್ದರೆ ಪಾದದ ಬಳಿ ಅಲಂಕಾರಕ್ಕಿರುತ್ತವೆ. ಜಗದ್ಗುರು ಹನ್ನೆರಡನೆಯ ಪಯಸ್‌ರವರು 1955ರಲ್ಲಿ ಮೇ 1ನ್ನು ಶ್ರಮಿಕ ಸಂತ ಜೋಸೆಫರ ಹಬ್ಬವಾಗಿ ಸಾರಿದರು. ಜಗದ್ಗುರು ಎರಡನೆಯ ಜಾನ್ ಪೌಲರು 1981ರ ‘ಲಬೋರೆಮ್ ಎಕ್ಸೆರ್ಚೆನ್ಸ್’ ವಿಶ್ವಪತ್ರದಲ್ಲಿ ದುಡಿಮೆಯ ಘನತೆ ಕೆಲಸದ ಬಗೆಯಿಂದಲ್ಲ, ದುಡಿಯುವ ವ್ಯಕ್ತಿಯಿಂದ ಬರುತ್ತದೆಂದು ಬೋಧಿಸಿದರು. ಕೆಲಸದ ಬಗೆಯಿಂದಲೇ ಮನುಷ್ಯನನ್ನು ಅಳೆದ ನಾಡಿನಲ್ಲಿ ಈ ಬೋಧನೆಗೆ ಇರುವ ಹರಿತ ಯೂರೋಪಿನಲ್ಲಿ ಇರಲಾರದು. ಅಲ್ಲಿ ಸಂತ ಕ್ರಿಸ್ಪಿನ್‌ರು ಚಮ್ಮಾರರ ಪಾಲಕರು. ಚಮ್ಮಾರರ ಸಂಘಗಳು ಅವರ ಹಬ್ಬವನ್ನು ಮೆರವಣಿಗೆಯಲ್ಲಿ ಆಚರಿಸಿದವು. ಅದೇ ಸಂತರ ಚಿತ್ರ ಮುದ್ದೇಬಿಹಾಳದ ಕೇರಿಯೊಂದರಲ್ಲಿ ನಿಂತರೆ ಬೇರೆಯದೇ ಮಾತಾಡುತ್ತದೆ. ಚಮರಿಪನು ಟಿಬೆಟಿಗೆ ಹೋದಾಗ ಕಳೆದುಕೊಂಡದ್ದನ್ನು ಕ್ರಿಸ್ಪಿನ್‌ರು ಇಲ್ಲಿಗೆ ಬಂದಾಗ ಪಡೆಯಬಲ್ಲರು, ನಾವು ಎಡೆಗೊಟ್ಟರೆ.

6. ನಮ್ಮ ದೇವಾಲಯಗಳಿಗೆ

ಈ ಪರಿಶೀಲನೆಯಿಂದ ಮೂರು ಮಾತುಗಳು ಹೊರಡುತ್ತವೆ.

ಮೊದಲನೆಯದು, ಸಿದ್ಧರನ್ನಾಗಲಿ ಶರಣರನ್ನಾಗಲಿ ಹೆಸರಿಲ್ಲದ ಕ್ರೈಸ್ತರೆಂದು ಕರೆದು ನಮ್ಮ ಗೋಡೆಗೆ ತಂದುಕೊಳ್ಳುವುದು ಗೌರವದ ಮಾರ್ಗವಲ್ಲ. ಚಮರಿಪನು ತನ್ನ ಶೂನ್ಯತೆಯೊಡನೆ, ಹರಳಯ್ಯನವರು ತಮ್ಮ ಇಷ್ಟಲಿಂಗದೊಡನೆ ಪೂರ್ಣರು. ಅವರಿಂದ ಕಲಿಯುವುದು ಬೇರೆ, ಅವರನ್ನು ವಶಪಡಿಸಿಕೊಳ್ಳುವುದು ಬೇರೆ. ದೆಸಿದೇರಿಯವರು ಸೆರಾದಲ್ಲಿ ವಾದಿಸುವ ಮೊದಲು ಓದಿದರು. ಆ ಕ್ರಮ ನಮಗೂ ಸಲ್ಲುತ್ತದೆ.

ಎರಡನೆಯದು, ಭಾರತೀಯ ಶೈಲಿಯ ಕ್ರೈಸ್ತ ಕಲೆಯೆಂದರೆ ಪದ್ಮಾಸನ, ದೀಪ, ಕಾವಿ ಬಟ್ಟೆ ಇಷ್ಟೇ ಅಲ್ಲ. 1967ರಲ್ಲಿ ಡಿ. ಎಸ್. ಅಮಲೋರ್‌ಪವದಾಸ್‌ರವರು ಬೆಂಗಳೂರಿನಲ್ಲಿ ಆರಂಭಿಸಿದ ರಾಷ್ಟ್ರೀಯ ಕೇಂದ್ರದ ಮೂಲಕವೂ, ಸಿಲ್ವೆಪುರದ ಕಲಾವಿದ ಜ್ಯೋತಿ ಸಾಹಿಯವರ ಕೃತಿಗಳ ಮೂಲಕವೂ ನಮ್ಮ ಧರ್ಮಸಭೆಯ ಕಣ್ಣು ಬಹಳಷ್ಟು ತೆರೆದಿದೆ. ಆದರೆ ಧರ್ಮಕೇಂದ್ರಗಳಲ್ಲಿ ದೇಶೀಕರಣವು ಹಲವು ಸಲ ಮಠಮಂದಿರಗಳ ಚಿಹ್ನೆಗಳನ್ನು ಎರವಲು ತಂದು ಅಲ್ಲಿಗೇ ನಿಂತಿದೆ. ದುಡಿಯುವವರ ಉಪಕರಣಗಳೂ ಈ ದೇಶದವೇ: ಇಂಡಿಯ ನಿಂಬೆ ತೋಟದ ಬುಟ್ಟಿ, ಜೋಳದ ಹೊಲದ ಕುಡುಗೋಲು, ಕಟ್ಟಡದ ಕೆಲಸಕ್ಕೆ ಹೋದವಳ ತಲೆಯ ಮೇಲಿನ ಸಿಂಬೆ. ಇವು ಪೀಠದ ಮುಂದೆ ಬರಲು ಅಯೋಗ್ಯವೆಂದು ಯಾವ ಮಹಾಸಭೆಯೂ ಹೇಳಿಲ್ಲ. ಬಲಿಪೂಜೆಯಲ್ಲಿ ಕಾಣಿಕೆಯ ರೊಟ್ಟಿಯನ್ನು ಭೂಮಿಯ ಹಾಗೂ ಮನುಷ್ಯರ ದುಡಿಮೆಯ ಫಲವೆಂದು ಎತ್ತಿ ಹಿಡಿಯುವಾಗ ನಾವು ಹೇಳುವುದು ಇದನ್ನೇ.

ಮೂರನೆಯದು, ಉಪಕರಣವನ್ನು ಚಿತ್ರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಆಲ್ಚಿಯ ಧೋತರ ಕಲಿಸುವ ಎಚ್ಚರಿಕೆ ಇದು: ಅಗಸನನ್ನು ಚಿತ್ರದೊಳಗೆ ಸೇರಿಸಿಯೂ ಅವನ ಭಾರವನ್ನು ಹೊರಗಿಡಬಹುದು. ಗುಳೆ ಹೋದ ಕುಟುಂಬ ಹಬ್ಬಕ್ಕೆ ಊರಿಗೆ ಬಂದಾಗ ದೇವಾಲಯದಲ್ಲಿ ಯಾವ ಬೆಂಚಿನಲ್ಲಿ ಕೂರುತ್ತದೆ, ಪಾಲನಾ ಸಮಿತಿಯಲ್ಲಿ ಅವರ ಮಾತಿಗೆ ಎಷ್ಟು ಬೆಲೆ, ಸ್ಮಶಾನದಲ್ಲಿ ಅವರ ಸಮಾಧಿ ಎಲ್ಲಿ ಎಂಬ ಪ್ರಶ್ನೆಗಳಿಗೆ ಗೋಡೆಯ ಮೇಲಿನ ಶ್ರಮಿಕ ಸಂತರು ಸಾಕ್ಷಿಗಳಾಗಿರುತ್ತಾರೆ. ಈ ಪ್ರಶ್ನೆಗಳಿಗೆ ನೇರವಾದ ಉತ್ತರವಿಲ್ಲದ ಕಡೆ ಹೊಸ ಪ್ರತಿಮೆ ಬರೆಯಿಸುವ ಮೊದಲು ಅವುಗಳನ್ನು ಸಮಿತಿಯ ಮುಂದಿಡಬೇಕು. ಆಮೇಲೆ ಚಿತ್ರಕಾರನನ್ನು ಕರೆಯೋಣ. ಸಂತ ಜೋಸೆಫರ ಕೈಗೆ ಬಾಚಿಯನ್ನು ಕೊಡುವುದರ ಜೊತೆಗೆ, ಅದನ್ನು ಹಿಡಿದು ದಡ್ಡುಗಟ್ಟಿದ ಅಂಗೈಯನ್ನೂ ಬರೆಯಬೇಕೆಂದು ಅವನಿಗೆ ಹೇಳೋಣ.